ಕೊಪಿಲಿಯ ಹುಳಿ ನೀರು: ಗಣಿಯ ಮಾಲಿನ್ಯವನ್ನು ಟರ್ಬೈನ್ ಕಂಡುಹಿಡಿದ ಪ್ರಕರಣ

ಕೊಪಿಲಿ ನದಿ ಹುಟ್ಟುವುದು ಮೇಘಾಲಯದ ಜೈಂತಿಯಾ ಬೆಟ್ಟಗಳಲ್ಲಿ. ಒಂದಷ್ಟು ದೂರ ಎರಡು ರಾಜ್ಯಗಳ ಗಡಿಯಾಗಿ ಹರಿದು, ಗುಡ್ಡ ಇಳಿದು ಅಸ್ಸಾಂ ಬಯಲು ಸೇರಿ ಬ್ರಹ್ಮಪುತ್ರದತ್ತ ಸಾಗುತ್ತದೆ. ಇಳಿಜಾರಿನ ಆ ಜಾಗದಲ್ಲಿ, ದಿಮಾ ಹಸಾವೊ ಜಿಲ್ಲೆಯ ಉಮ್ರಾಂಗ್ಸೊ ಬಳಿ, ನೀಪ್ಕೊ ಎಂದು ಎಲ್ಲರೂ ಕರೆಯುವ ನಾರ್ತ್ ಈಸ್ಟರ್ನ್ ಎಲೆಕ್ಟ್ರಿಕ್ ಪವರ್ ಕಾರ್ಪೊರೇಷನ್ನಿನ ಜಲವಿದ್ಯುತ್ ಯೋಜನೆ ಇದೆ. 1984ರಲ್ಲಿ ಖಾಂಡಾಂಗ್ ವಿದ್ಯುದಾಗಾರ, 1988ರಲ್ಲಿ ಕೊಪಿಲಿ ವಿದ್ಯುದಾಗಾರ, ಆಮೇಲೆ ವಿಸ್ತರಣೆಗಳು, ಹೀಗೆ ಬೆಳೆದು ಒಟ್ಟು ಸಾಮರ್ಥ್ಯ 275 ಮೆಗಾವಾಟ್‌ಗೆ ಮುಟ್ಟಿತು. ಎರಡು ದಶಕ ಯಂತ್ರಗಳು ಮಾಮೂಲಿಯಾಗಿ ತಿರುಗಿದವು. 2006ರ ಸುಮಾರಿಗೆ ತೊಂದರೆ ಶುರುವಾಯಿತು. ಕೂಲರ್ ಟ್ಯೂಬುಗಳು ತೂತು ಬಿದ್ದವು, ವಾಲ್ವುಗಳು ಸವೆದವು, ಟರ್ಬೈನಿನ ಉಕ್ಕಿನ ಮೈಯಲ್ಲಿ ಗುಳಿ ಬೀಳತೊಡಗಿತು. ಬಿಡಿಭಾಗ ಬದಲಿಸಿದರೆ ಹೊಸದೂ ಅದೇ ದಾರಿ ಹಿಡಿಯುತ್ತಿತ್ತು. ನೀರು ಪರೀಕ್ಷಿಸಿದಾಗ ಅದು ಹುಳಿಯಾಗಿತ್ತು.

ಜಲಾಶಯದ ಸುತ್ತ ಆಮ್ಲ ಬಿಡುವಂಥ ಕಾರ್ಖಾನೆ ಇರಲಿಲ್ಲ. ಹುಳಿ ಬಂದದ್ದು ಮೇಲಿನಿಂದ, ಖಾರ್ಕೋರ್, ಮಿಂಟ್ರಿಯಾಂಗ್ ಮುಂತಾದ ಉಪನದಿಗಳ ಮೂಲಕ. ಆ ಹೊಳೆಗಳ ನೆತ್ತಿಯಲ್ಲಿ ಜೈಂತಿಯಾದ ಕಲ್ಲಿದ್ದಲು ಗುಂಡಿಗಳಿದ್ದವು.

ಕಲ್ಲಿದ್ದಲು ಗಣಿಯ ಸುತ್ತ ನೀರಿನ ಗುಣಮಟ್ಟವನ್ನು ಹೇಗೆ ಗಮನಿಸಬೇಕು ಎಂಬುದಕ್ಕೆ ನಮ್ಮ ದೇಶದಲ್ಲಿ ಇದಕ್ಕಿಂತ ಪಾಠ ಹೇಳುವ ಪ್ರಕರಣ ನನಗೆ ಗೊತ್ತಿಲ್ಲ. ಹೇಗೆ ಗಮನಿಸಬಾರದು ಎಂಬುದಕ್ಕೂ ಇದೇ ಉದಾಹರಣೆ. ಉಪಕರಣಕ್ಕಾಗಲಿ ಪ್ರಯೋಗಾಲಯಕ್ಕಾಗಲಿ ಕೊರತೆ ಇರಲಿಲ್ಲ. ಅಳೆಯುವ ಜಾಗ ತಪ್ಪಿತ್ತು, ಅಳೆಯುವ ಕೋಲೂ ತಪ್ಪಿತ್ತು.

ಹುಳಿ ಎಲ್ಲಿಂದ

ಜಾರ್ಖಂಡ್, ಛತ್ತೀಸಗಢ, ಸಿಂಗರೇಣಿಯ ಕಲ್ಲಿದ್ದಲು ಗೊಂಡ್ವಾನಾ ಕಾಲದ್ದು. ಅದರಲ್ಲಿ ಗಂಧಕ ಕಡಿಮೆ. ಮೇಘಾಲಯದ್ದು ಬಹಳ ಈಚಿನ, ಟರ್ಷಿಯರಿ ಯುಗದ ಕಲ್ಲಿದ್ದಲು. ಬೂದಿ ಕಡಿಮೆ, ಗಂಧಕ ಜಾಸ್ತಿ. ಆ ಗಂಧಕದ ಒಂದು ಪಾಲು ಪೈರೈಟ್ ರೂಪದಲ್ಲಿರುತ್ತದೆ, ಅಂದರೆ ಕಬ್ಬಿಣ ಮತ್ತು ಗಂಧಕ ಸೇರಿದ, ಚಿನ್ನದ ಹಾಗೆ ಮಿರುಗುವ ಖನಿಜ. ನೆಲದೊಳಗೆ ಗಾಳಿ ಸೋಕದೆ ಇರುವಷ್ಟು ದಿನ ಅದರಿಂದ ತಂಟೆಯಿಲ್ಲ. ಗಾಳಿ, ನೀರು ಎರಡೂ ಮುಟ್ಟಿದರೆ ಗಂಧಕಾಮ್ಲವಾಗುತ್ತದೆ. ಆಮ್ಲದಲ್ಲೇ ಬದುಕುವ, ಕಬ್ಬಿಣವನ್ನು ಉತ್ಕರ್ಷಿಸಿ ಹೊಟ್ಟೆ ಹೊರೆಯುವ ಬ್ಯಾಕ್ಟೀರಿಯಾಗಳು ಈ ಕೆಲಸವನ್ನು ಹಲವು ಪಟ್ಟು ಚುರುಕುಗೊಳಿಸುತ್ತವೆ.

ಲೆಕ್ಕ ಕೇಳಿದರೆ ಗಾಬರಿಯಾಗುತ್ತದೆ. ಒಂದು ಕೆಜಿ ಪೈರೈಟ್ ಪೂರ್ತಿ ಕರಗಿದರೆ ಸುಮಾರು 1.6 ಕೆಜಿ ಗಂಧಕಾಮ್ಲ ಹುಟ್ಟುತ್ತದೆ. ಅದನ್ನು ತಟಸ್ಥಗೊಳಿಸಲು ಸುಮಾರು 1.7 ಕೆಜಿ ಶುದ್ಧ ಸುಣ್ಣಕಲ್ಲು ಬೇಕು.

ಜೈಂತಿಯಾದ ಕಲ್ಲಿದ್ದಲು ಪದರಗಳು ತೆಳು, ಹೆಚ್ಚಿನ ಕಡೆ ಒಬ್ಬ ಮನುಷ್ಯ ನೆಟ್ಟಗೆ ನಿಲ್ಲುವಷ್ಟೂ ಎತ್ತರವಿಲ್ಲ. ಅದಕ್ಕೇ ಅಲ್ಲಿ ಇಲಿಬಿಲ ಗಣಿಗಾರಿಕೆ ಬೇರೂರಿತು. ಬಾವಿಯಂತೆ ನೇರ ಗುಂಡಿ ತೋಡಿ, ತಳದಿಂದ ಸುತ್ತಲೂ ತೆವಳಿಕೊಂಡು ಹೋಗುವಷ್ಟೇ ಬಿಲಗಳನ್ನು ಕೊರೆಯುವುದು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ನೇಮಿಸಿದ ನ್ಯಾಯಮೂರ್ತಿ ಬಿ.ಪಿ. ಕಟಾಕೆ ಸಮಿತಿಯ ವರದಿಯಲ್ಲಿ ಬಂದ ಅಂದಾಜಿನಂತೆ ಮೇಘಾಲಯದಲ್ಲಿ ಇಂಥ ಗಣಿಗಳು ಸುಮಾರು 24 ಸಾವಿರ. ನೀರಿನ ದೃಷ್ಟಿಯಿಂದ ಇದರ ಅರ್ಥ ಬೇರೆಯೇ. ದೊಡ್ಡ ಗಣಿಯಾದರೆ ಪಂಪ್ ಮಾಡಿದ ನೀರು ಒಂದೋ ಎರಡೋ ಕಡೆ ಹೊರಬೀಳುತ್ತದೆ, ಅಲ್ಲಿ ಬಾಟಲಿ ಹಿಡಿದರೆ ಸಾಕು. ಇಲ್ಲಿ ಹೊರಬೀಳುವ ಬಾಯಿಗಳು ಸಾವಿರಾರು. ಜತೆಗೆ ಗುಂಡಿಯಿಂದ ಎತ್ತಿದ ಕಲ್ಲಿದ್ದಲನ್ನು ರಸ್ತೆಬದಿಯಲ್ಲೇ ರಾಶಿ ಹಾಕುತ್ತಿದ್ದರು. ದೇಶದಲ್ಲೇ ಅತಿ ಹೆಚ್ಚು ಮಳೆ ಸುರಿಯುವ ರಾಜ್ಯಗಳಲ್ಲಿ ಒಂದಾದ ಮೇಘಾಲಯದಲ್ಲಿ ಆ ರಾಶಿಗಳ ಮೇಲೆ ಮಳೆ ಬಿದ್ದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಇದು ಯಾರಿಗೂ ತಿಳಿಯದ ಗುಟ್ಟೇನಲ್ಲ. ಶಿಲ್ಲಾಂಗಿನ ನಾರ್ತ್ ಈಸ್ಟರ್ನ್ ಹಿಲ್ ವಿಶ್ವವಿದ್ಯಾಲಯದ ಸಂಶೋಧಕರು 2000ದ ದಶಕದ ಆರಂಭದಲ್ಲೇ ಜೈಂತಿಯಾದ ಗಣಿ ಪ್ರದೇಶದ ಹೊಳೆಗಳನ್ನು ಪರೀಕ್ಷಿಸಿ, ಹುಳಿಯ ಅಳತೆಯಾದ ಪಿಎಚ್ 2.3ರಿಂದ 4ರವರೆಗೆ ಇಳಿದಿರುವುದನ್ನು ಪ್ರಕಟಿಸಿದ್ದರು. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವುದು 6.5ರಿಂದ 8.5. ಪಿಎಚ್ ಒಂದು ಅಂಕಿ ಇಳಿದರೆ ಹುಳಿ ಹತ್ತು ಪಟ್ಟು ಏರುತ್ತದೆ, ಮೂರು ಅಂಕಿ ಇಳಿದರೆ ಸಾವಿರ ಪಟ್ಟು. ಟರ್ಬೈನ್ ಸವೆಯುವ ಹೊತ್ತಿಗೆ ಈ ಅಂಕಿಗಳು ಅಚ್ಚಾಗಿ ಎರಡು ಮೂರು ವರ್ಷ ಕಳೆದಿದ್ದವು. ಓದಬೇಕಾದವರು ಓದಿರಲಿಲ್ಲ, ಅಷ್ಟೆ.

ಬಿಒಡಿ ಎಂಬ ತಪ್ಪು ಅಳತೆಗೋಲು

ನಮ್ಮ ದೇಶದಲ್ಲಿ ನದಿ ಎಷ್ಟು ಕೆಟ್ಟಿದೆ ಎಂದು ಶ್ರೇಣಿ ಕೊಡುವುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ. ಅದರ ಕಲುಷಿತ ನದಿಗಳ ಪಟ್ಟಿಯಲ್ಲಿ ಐದು ದರ್ಜೆಗಳಿವೆ. ದರ್ಜೆ ಸಿಗುವುದು ಬಿಒಡಿ ಆಧಾರದ ಮೇಲೆ. ಲೀಟರಿಗೆ 30 ಮಿಲಿಗ್ರಾಂ ದಾಟಿದರೆ ಮೊದಲ ದರ್ಜೆ, 3ರಿಂದ 6ರ ನಡುವೆ ಇದ್ದರೆ ಐದನೆಯದು. ಮೂರರ ಕೆಳಗಿದ್ದರೆ ಪಟ್ಟಿಯಲ್ಲೇ ಇಲ್ಲ.

ಬಿಒಡಿ ಅಂದರೆ ನೀರಿನಲ್ಲಿರುವ ಕೊಳೆಯನ್ನು ಸೂಕ್ಷ್ಮಜೀವಿಗಳು ತಿಂದು ಜೀರ್ಣಿಸಲು ಬಳಸುವ ಆಮ್ಲಜನಕ. ನಮ್ಮಲ್ಲಿ ಇದನ್ನು 27 ಡಿಗ್ರಿಯಲ್ಲಿ 3 ದಿನ ಇಟ್ಟು ಅಳೆಯುತ್ತಾರೆ. ಊರಿನ ಚರಂಡಿ, ಸಕ್ಕರೆ ಕಾರ್ಖಾನೆ, ಡಿಸ್ಟಿಲರಿ ಇವುಗಳ ಗಲೀಜಿಗೆ ಇದು ಒಳ್ಳೆಯ ಅಳತೆ. ಶಿಲ್ಲಾಂಗ್ ನಗರದ ಕೊಚ್ಚೆ ಹೊತ್ತು ಹರಿಯುವ ಉಮ್‌ಖ್ರಾ, ಉಮ್‌ಶಿರ್ಪಿ ಹೊಳೆಗಳು ಮೊದಲ ದರ್ಜೆಯಲ್ಲಿ ಬಂದದ್ದು ಸರಿಯಾಗಿಯೇ ಇದೆ.

ಆದರೆ ಗಣಿಯ ಹುಳಿ ನೀರಿನಲ್ಲಿ ಕೊಳೆಯುವ ವಸ್ತುವೇ ಹೆಚ್ಚು ಇರುವುದಿಲ್ಲ. ಇದ್ದರೂ ತಿನ್ನುವ ಸೂಕ್ಷ್ಮಜೀವಿಗಳು ಪಿಎಚ್ 3ರಲ್ಲಿ ಬದುಕುವುದಿಲ್ಲ. ಮಾದರಿಯನ್ನು ಮೊದಲು ತಟಸ್ಥಗೊಳಿಸಿ, ಹೊರಗಿನಿಂದ ಸೂಕ್ಷ್ಮಜೀವಿ ಸೇರಿಸಿ ಪರೀಕ್ಷೆ ಮಾಡಬೇಕು ಎಂದು ವಿಧಾನದಲ್ಲಿ ಬರೆದಿದೆ. ಹಾಗೆ ಮಾಡಿದರೂ ಅಂಕಿ ಚಿಕ್ಕದೇ. ಮಲದ ಗಲೀಜಿನ ಸುಳಿವು ಕೊಡುವ ಕೋಲಿಫಾರ್ಮ್ ಬ್ಯಾಕ್ಟೀರಿಯಾಗಳ ಎಣಿಕೆ ಕೂಡ ಕಡಿಮೆ, ಆಮ್ಲ ಅವನ್ನೂ ಕೊಂದಿರುತ್ತದೆ. ಬಂಡೆಯಿಂದ ಬಂಡೆಗೆ ಧುಮುಕುವ ಹೊಳೆಯಾದ್ದರಿಂದ ಕರಗಿದ ಆಮ್ಲಜನಕ ಸಾಕಷ್ಟು ಇರಬಹುದು. ನೋಡಲು ನೀರು ತಿಳಿ. ಒಂದೂ ಮೀನಿಲ್ಲದ ಹೊಳೆಗೆ ಕಾಗದದ ಮೇಲೆ ಬಹುಮಾನ ಕೊಡಬಹುದು. ಮಂಡಳಿಯ ಇನ್ನೊಂದು ಕೋಷ್ಟಕ, ನೀರನ್ನು ಬಳಕೆಗೆ ತಕ್ಕಂತೆ ಎ ಯಿಂದ ಇ ವರೆಗೆ ವಿಂಗಡಿಸುವುದು, ಪಿಎಚ್ ಕೇಳುತ್ತದೆ. ಅಲ್ಲಿ ಈ ಹೊಳೆ ಸಿಕ್ಕಿಬೀಳುತ್ತದೆ. ಆದರೆ ಹಣ, ಕ್ರಿಯಾಯೋಜನೆ, ನ್ಯಾಯಪೀಠದ ಪ್ರಶ್ನೆ ಎಲ್ಲವೂ ಹೋಗುವುದು ಬಿಒಡಿ ಪಟ್ಟಿಯ ಹಿಂದೆ.

ಕುದುರೆಮುಖದ ಗಣಿಗಾರಿಕೆ 2005ರ ಕೊನೆಗೆ ನಿಲ್ಲುವ ತನಕ ಭದ್ರೆಯಲ್ಲಿ ನಮಗೆ ಕಂಡದ್ದು ಹೂಳು, ಕೆಂಪು ನೀರು. ಅಲ್ಲಿ ಅಳೆಯಬೇಕಾದದ್ದು ತೇಲುವ ಕಣಗಳನ್ನು. ಮಳೆಗಾಲದಲ್ಲಿ ಸೇತುವೆ ಮೇಲೆ ನಿಂತವರಿಗೂ ಅದು ಕಾಣುತ್ತಿತ್ತು. ಜೈಂತಿಯಾದ ಮಾಲಿನ್ಯಕ್ಕೆ ಆ ಸವಲತ್ತೂ ಇಲ್ಲ. ಗಣಿ ಎಂದಾಕ್ಷಣ ಒಂದೇ ಪಟ್ಟಿ ಹಿಡಿದು ಎಲ್ಲ ನದಿಗೂ ಹೋಗುವ ಅಭ್ಯಾಸ ಇಲಾಖೆಗಳಿಗೆ ಇರುವುದರಿಂದ ಈ ಮಾತು ಹೇಳಬೇಕಾಯಿತು.

ಬಾಟಲಿಯೊಳಗೆ ಬದಲಾಗುವ ನೀರು

ಸರಿಯಾದ ಅಂಶವನ್ನೇ ಅಳೆಯಲು ಹೊರಟರೂ ಎಡವಲು ಜಾಗ ಬೇಕಾದಷ್ಟಿದೆ. ಬಿಲದಿಂದ ಆಗತಾನೆ ಒಸರಿದ ನೀರಿನಲ್ಲಿ ಕಬ್ಬಿಣ ಫೆರಸ್ ರೂಪದಲ್ಲಿ ಕರಗಿರುತ್ತದೆ. ನೀರಿಗೆ ಬಣ್ಣವಿಲ್ಲ. ಪಿಎಚ್ ಕೂಡ ಕೆಲವೊಮ್ಮೆ 5ರ ಮೇಲೆಯೇ ಇರಬಹುದು. ಬಾಟಲಿಗೆ ತುಂಬಿ, ಜೀಪಿನಲ್ಲಿಟ್ಟು, ಮಾರನೇ ದಿನ ಪ್ರಯೋಗಾಲಯದಲ್ಲಿ ತೆರೆದರೆ ತಳದಲ್ಲಿ ಕಿತ್ತಳೆ ಬಣ್ಣದ ಕೆಸರು ಕೂತಿರುತ್ತದೆ. ಗಾಳಿ ತಾಗಿ ಫೆರಸ್ ಫೆರಿಕ್ ಆಗಿ, ನೀರಿನೊಡನೆ ಸೇರಿ ಹೈಡ್ರಾಕ್ಸೈಡ್ ಆಗಿ ಕೆಳಗೆ ಬಿದ್ದಿದೆ. ಹಾಗೆ ಬೀಳುವಾಗ ಅದು ಇನ್ನಷ್ಟು ಆಮ್ಲ ಬಿಡುಗಡೆ ಮಾಡುತ್ತದೆ, ಪಿಎಚ್ ಇಳಿಯುತ್ತದೆ. ಮೇಲಿನ ತಿಳಿ ನೀರನ್ನು ಬಗ್ಗಿಸಿ ಕಬ್ಬಿಣ ಅಳೆದರೆ ಕಡಿಮೆ ತೋರುತ್ತದೆ, ಪಿಎಚ್ ಅಳೆದರೆ ಹೊಳೆಯಲ್ಲಿ ಇದ್ದುದಕ್ಕಿಂತ ಕೆಟ್ಟದಾಗಿ ತೋರುತ್ತದೆ. ಎರಡು ಅಂಕಿಗಳೂ ತಪ್ಪು, ಅದೂ ಒಂದಕ್ಕೊಂದು ತದ್ವಿರುದ್ಧ ದಿಕ್ಕಿನಲ್ಲಿ.

ಹಾಗಾಗಿ ಪಿಎಚ್, ಉಷ್ಣತೆ, ವಿದ್ಯುತ್ ವಾಹಕತೆ, ಕರಗಿದ ಆಮ್ಲಜನಕ ಈ ನಾಲ್ಕನ್ನು ಹೊಳೆಯ ದಂಡೆಯಲ್ಲೇ ಅಳೆಯಬೇಕು. ಲೋಹಗಳಿಗೆ ಬೇರೆ ಬಾಟಲಿ. ಅಲ್ಲೇ ಸೋಸಿ, ಕೆಲವು ಹನಿ ನೈಟ್ರಿಕ್ ಆಮ್ಲ ಬೆರೆಸಿ ಪಿಎಚ್ 2ಕ್ಕಿಂತ ಕೆಳಗಿಳಿಸಿಟ್ಟರೆ ಲೋಹ ಕರಗಿಯೇ ಇರುತ್ತದೆ. ಗಂಧಕಾಮ್ಲದಿಂದ ಬರುವ ಸಲ್ಫೇಟಿಗೆ ಇನ್ನೊಂದು, ಅದಕ್ಕೆ ಆಮ್ಲ ಹಾಕುವಂತಿಲ್ಲ.

ಇಷ್ಟಾದರೂ ಪಿಎಚ್ ಒಂದೇ ಸಾಲದು. ಪಿಎಚ್ ಹೇಳುವುದು ಈ ಕ್ಷಣದ ಹುಳಿಯನ್ನು. ಕರಗಿರುವ ಕಬ್ಬಿಣ, ಅಲ್ಯೂಮಿನಿಯಂ, ಮ್ಯಾಂಗನೀಸ್ ಮುಂದೆ ಹರಿಯುತ್ತ ಹುಟ್ಟಿಸುವ ಆಮ್ಲ ಅದರಲ್ಲಿ ಕಾಣುವುದಿಲ್ಲ. ಅದಕ್ಕೆ ಒಟ್ಟು ಆಮ್ಲೀಯತೆಯನ್ನು ಟೈಟ್ರೇಷನ್ ಮಾಡಿ ತೆಗೆಯಬೇಕು. ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಕುದಿಸಿ, ಲೋಹವನ್ನೆಲ್ಲ ಉತ್ಕರ್ಷಿಸಿ, ಆಮೇಲೆ ಕ್ಷಾರ ಹನಿಸುವ ಹಳೆಯ ಪದ್ಧತಿ ಅದು. ದುಬಾರಿ ಯಂತ್ರವೇನೂ ಬೇಡ, ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಆಗುವ ಕೆಲಸ.

ಸಲ್ಫೇಟ್ ಇಲ್ಲಿ ಪತ್ತೇದಾರ. ಕಬ್ಬಿಣ ದಾರಿಯಲ್ಲೇ ಕಲ್ಲಿಗೆ ಅಂಟಿ ಉಳಿಯುತ್ತದೆ, ಪಿಎಚ್ ಬೇರೆ ಹೊಳೆ ಸೇರಿದಾಗ ಏರುತ್ತದೆ, ಆದರೆ ಈ ಮಟ್ಟದ ಸಲ್ಫೇಟ್ ಸುಲಭಕ್ಕೆ ಎಲ್ಲೂ ಇಳಿದು ಹೋಗುವುದಿಲ್ಲ. ಹೊಳೆ ಸುಣ್ಣಕಲ್ಲಿನ ಮೇಲೆ ಹರಿದು ಸಪ್ಪೆಯಾದ ಮೇಲೂ ಅದರಲ್ಲಿ ಗಣಿಯ ನೀರು ಸೇರಿದೆ ಎಂಬ ಸುಳಿವು ಸಲ್ಫೇಟಿನಲ್ಲಿ ಉಳಿದಿರುತ್ತದೆ.

ಇನ್ನು ಕಾಲ. ಬೇಸಿಗೆಯಲ್ಲಿ ಹೊಳೆಯಲ್ಲಿ ಉಳಿಯುವುದೇ ಗುಂಡಿಗಳ ಒಸರು, ಆಗ ಹುಳಿ ಗಾಢ. ಅದೇ ಹೊತ್ತಿಗೆ ಬಿಲದ ಗೋಡೆಗಳ ಮೇಲೆ, ಕಲ್ಲಿದ್ದಲು ರಾಶಿಗಳ ಮೇಲೆ ಹಳದಿ, ಬಿಳಿ ಉಪ್ಪಿನ ಪುಡಿ ಬೆಳೆದಿರುತ್ತದೆ. ಮೊದಲ ಜೋರು ಮಳೆ ಅಷ್ಟನ್ನೂ ಒಮ್ಮೆಗೇ ಕರಗಿಸಿ ಹೊಳೆಗೆ ಸುರಿಯುತ್ತದೆ, ಕೆಲವೇ ಗಂಟೆಗಳ ಕೆಲಸ. ತಿಂಗಳಿಗೊಮ್ಮೆ ಬಾಟಲಿ ತುಂಬಲು ಬರುವವರಿಗೆ ಇದು ಸಿಗುವುದೇ ಇಲ್ಲ.

ವಿದ್ಯುದಾಗಾರಕ್ಕೆ ಮಾತ್ರ ತಪ್ಪಿಸಿಕೊಳ್ಳುವ ದಾರಿಯಿರಲಿಲ್ಲ. ಸವೆತ ಅಳೆಯಲು ಕೈಗಾರಿಕೆಗಳಲ್ಲಿ ತೂಕ ಮಾಡಿದ ಲೋಹದ ಪಟ್ಟಿಯೊಂದನ್ನು ನೀರಿನಲ್ಲಿ ನೇತುಹಾಕಿ, ವಾರಗಳ ನಂತರ ತೆಗೆದು ಮತ್ತೆ ತೂಗುತ್ತಾರೆ. ಕಳೆದ ತೂಕವೇ ಸವೆತ. ಕೊಪಿಲಿಯ ಟರ್ಬೈನುಗಳು ಅಂಥ ಭಾರೀ ಪಟ್ಟಿಗಳೇ ಆದವು. ಹಗಲು, ರಾತ್ರಿ, ಬೇಸಿಗೆ, ಮೊದಲ ಮಳೆ ಯಾವುದನ್ನೂ ಬಿಡದೆ ಅವು ಎಲ್ಲವನ್ನೂ ಮೈಮೇಲೆ ಬರೆದುಕೊಂಡವು. ನೀಪ್ಕೊ ಬಣ್ಣ ಬಳಿಯಿತು, ಉಕ್ಕಿನ ತಳಿ ಬದಲಿಸಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ಕಾಯಿಲೆ ಮೇಲೆ ಮೇಘಾಲಯದಲ್ಲಿ, ಮದ್ದು ಕೆಳಗೆ ಅಸ್ಸಾಂನಲ್ಲಿ.

ದೂರು ಕೊಟ್ಟವರು ಯಾರು

ಗಣಿಗೆ ಯಜಮಾನ ಇದ್ದರೆ ಅವನಿಂದ ನೀರಿನ ಲೆಕ್ಕ ಕೇಳಬಹುದು. ಪರಿಸರ ಅನುಮತಿ ಪಡೆದ ಕಲ್ಲಿದ್ದಲು ಗಣಿ ಆರು ತಿಂಗಳಿಗೊಮ್ಮೆ ಪಾಲನಾ ವರದಿ ಕೊಡಬೇಕು, ಬಿಡುವ ನೀರಿನ ಪಿಎಚ್ 5.5ರಿಂದ 9ರ ಒಳಗೆ ಇರಬೇಕು. ಜೈಂತಿಯಾದಲ್ಲಿ ಜಮೀನು ಬುಡಕಟ್ಟು ಸಮುದಾಯದ್ದು, ಕುಟುಂಬಗಳದ್ದು. ಬುಡಕಟ್ಟುಗಳಿಗೆ ಸ್ವಾಯತ್ತ ಆಡಳಿತ ಕೊಡುವ ಸಂವಿಧಾನದ ಆರನೇ ಅನುಸೂಚಿಯ ಪ್ರದೇಶ. ನೆಲದಡಿಯ ಖನಿಜವೂ ನೆಲದವರದೇ ಎಂಬ ವಾಡಿಕೆ. ಗುತ್ತಿಗೆ ಇಲ್ಲ, ಅನುಮತಿ ಇಲ್ಲ, ಆದ್ದರಿಂದ ವರದಿ ಕೊಡಬೇಕಾದವರೂ ಇಲ್ಲ. ಮೇಲ್ಗಡೆ ಅಳೆಯುವ ಹೊಣೆ ಯಾರ ಕೊರಳಿಗೂ ಬೀಳಲಿಲ್ಲ.

2014ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಅರ್ಜಿ ಹಾಕಿದ್ದು ಯಾವ ಮಂಡಳಿಯೂ ಅಲ್ಲ, ದಿಮಾ ಹಸಾವೊದ ಅಖಿಲ ದಿಮಾಸಾ ವಿದ್ಯಾರ್ಥಿ ಒಕ್ಕೂಟ. ಜೈಂತಿಯಾದ ಇಲಿಬಿಲ ಗಣಿಗಳಿಂದ ಕೊಪಿಲಿ ಹುಳಿಯಾಗಿದೆ ಎಂಬುದು ಅವರ ದೂರು. ಏಪ್ರಿಲ್ 17ರಂದು ನ್ಯಾಯಮಂಡಳಿ ಮೇಘಾಲಯದಾದ್ಯಂತ ಇಲಿಬಿಲ ಗಣಿಗಾರಿಕೆಗೂ ಅಕ್ರಮ ಸಾಗಣೆಗೂ ತಡೆ ಹಾಕಿತು. ಕೆಳಗಿನ ರಾಜ್ಯದ ಹುಡುಗರು ಮೇಲಿನ ರಾಜ್ಯದ ಗಣಿಗಳಿಗೆ ಬೀಗ ಹಾಕಿಸಿದರು. ನದಿ ನೀರಿನ ಗುಣಮಟ್ಟದ ದೂರಿನಿಂದ ಇಷ್ಟು ದೊಡ್ಡ ಗಣಿ ಉದ್ಯಮ ನಿಂತದ್ದು ನಮ್ಮಲ್ಲಿ ಅಪರೂಪ.

ನಿಂತಿತು ಎಂಬುದು ಆದೇಶದ ಮಾತು. ಈಗಾಗಲೇ ತೆಗೆದ ಕಲ್ಲಿದ್ದಲನ್ನು ಸಾಗಿಸಲು ಮತ್ತೆ ಮತ್ತೆ ಅವಕಾಶ ಸಿಕ್ಕಿತು, ಆ ನೆಪದಲ್ಲಿ ಹೊಸ ಕಲ್ಲಿದ್ದಲೂ ಹೊರಬಂತು. 2018ರ ಡಿಸೆಂಬರ್ 13ರಂದು ಜೈಂತಿಯಾದ ಲೈಟೈನ್ ನದಿಯ ಪಕ್ಕದಲ್ಲಿದ್ದ ಕ್ಸಾನ್‌ನ ಅಕ್ರಮ ಗಣಿಗೆ ನೀರು ನುಗ್ಗಿ 15 ಮಂದಿ ಒಳಗೇ ಸಿಕ್ಕಿಕೊಂಡಾಗ ಇಡೀ ದೇಶಕ್ಕೆ ಅದು ಗೊತ್ತಾಯಿತು. 2019ರ ಜನವರಿಯಲ್ಲಿ ನ್ಯಾಯಮಂಡಳಿ ರಾಜ್ಯಕ್ಕೆ 100 ಕೋಟಿ ರೂಪಾಯಿ ಕಟ್ಟಲು ಹೇಳಿತು. ಅದೇ ವರ್ಷ ಜುಲೈ 3ರಂದು ಸುಪ್ರೀಂ ಕೋರ್ಟ್, ಖನಿಜ ನೆಲದವರದೇ ಆದರೂ ಗಣಿಗಾರಿಕೆಗೆ 1957ರ ಗಣಿ ಮತ್ತು ಖನಿಜ ಕಾಯ್ದೆಯಡಿ ಗುತ್ತಿಗೆ ಬೇಕೇ ಬೇಕು ಎಂದಿತು. ಕೊನೆಗೂ ನೀರಿನ ಲೆಕ್ಕ ಕೇಳಲು ಒಂದು ಹೆಸರು ಸಿಗುವ ದಾರಿಯಾಯಿತು.

ಅದೇ 2019ರ ಅಕ್ಟೋಬರ್ 7ರಂದು ಕೊಪಿಲಿ ಯೋಜನೆಯಲ್ಲಿ ನೀರು ಒಯ್ಯುವ ಭಾರೀ ಕೊಳವೆ ಒಡೆಯಿತು. ನಾಲ್ವರು ಸತ್ತರು, ವಿದ್ಯುದಾಗಾರಕ್ಕೆ ನೀರು ನುಗ್ಗಿತು, ಸ್ಥಾವರ ವರ್ಷಗಟ್ಟಲೆ ಸ್ತಬ್ಧವಾಯಿತು. ಹುಳಿ ನೀರಿನ ಸವೆತದ ಮಾತು ಆಗ ಮತ್ತೆ ಎದ್ದಿತು.

ನೀಲಿಯಾದ ಲುಖಾ

ಅದೇ ಜೈಂತಿಯಾದ ದಕ್ಷಿಣದಲ್ಲಿ ಲುಖಾ ಎಂಬ ನದಿ ಬಾಂಗ್ಲಾದೇಶದ ಕಡೆ ಹರಿಯುತ್ತದೆ. 2007ರ ಸುಮಾರಿನಿಂದ ಚಳಿಗಾಲ ಬಂದರೆ ಅದು ನೀಲಿಯಾಗುತ್ತದೆ, ಮೀನು ಸಾಯುತ್ತವೆ. ಪ್ರವಾಸಿಗರು ನಿಂತು ಫೋಟೊ ತೆಗೆದುಕೊಳ್ಳುವಷ್ಟು ಚೆಂದದ ನೀಲಿ. ಊರವರ ಬೆರಳು ಲುಮ್‌ಶ್ನಾಂಗ್, ಥಾಂಗ್‌ಸ್ಕಾಯ್ ಕಡೆಯ ಸಿಮೆಂಟ್ ಕಾರ್ಖಾನೆಗಳತ್ತ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ 2012ರಲ್ಲಿ ತನಿಖೆ ಮಾಡಿ, ಲೂನಾರ್ ಉಪನದಿ ಹೊತ್ತು ತರುವ ಕಲ್ಲಿದ್ದಲು ಗಣಿಯ ಆಮ್ಲ ನೀರಿನತ್ತ ಬೊಟ್ಟು ಮಾಡಿತು.

ರಸಾಯನಶಾಸ್ತ್ರ ಮಂಡಳಿಯ ಮಾತಿಗೆ ಹೊಂದುತ್ತದೆ. ಹುಳಿ ನೀರು ಬಂಡೆಯಿಂದ ಅಲ್ಯೂಮಿನಿಯಂ ಕರಗಿಸಿಕೊಂಡು ಬಂದು ಸುಣ್ಣಕಲ್ಲಿನ ಪ್ರದೇಶದ ನೀರಿಗೆ ಸೇರಿದಾಗ ಪಿಎಚ್ ಏರುತ್ತದೆ. ಸುಮಾರು 5ರ ಹತ್ತಿರ ಬಂದಾಗ ಅಲ್ಯೂಮಿನಿಯಂ ಕಣ್ಣಿಗೆ ಕಾಣದಷ್ಟು ನುಣುಪಾದ ಬಿಳಿ ಕಣಗಳಾಗಿ ಬೇರ್ಪಡುತ್ತದೆ, ಆ ಕಣಗಳು ಬೆಳಕು ಚದುರಿಸಿ ನೀರು ನೀಲಿ ಕಾಣುತ್ತದೆ. ಮೀನಿನ ಕಿವಿರಿಗೆ ಅಂಟಿ ಉಸಿರು ಕಟ್ಟಿಸುವುದೂ ಇದೇ ಅಲ್ಯೂಮಿನಿಯಂ. ಹೀಗಾಗಿ ಪಿಎಚ್ ಸುಧಾರಿಸಿತು ಎಂದು ಬೀಗುವ ಜಾಗದಲ್ಲೇ ಮೀನಿಗೆ ಹೆಚ್ಚು ಅಪಾಯ. ಆದರೂ ಊರವರ ಸಂಶಯವನ್ನು ತಳ್ಳಿಹಾಕಲು ಒಂದು ತನಿಖಾ ವರದಿ ಸಾಲದು. ಲೂನಾರ್ ಕೂಡುವ ಜಾಗದ ಮೇಲೊಂದು, ಕೆಳಗೊಂದು, ಲೂನಾರ್ ಬಾಯಲ್ಲೊಂದು, ಕಾರ್ಖಾನೆಗಳ ಕೆಳಗೊಂದು ಹೀಗೆ ನಾಲ್ಕು ಕಡೆ ಚಳಿಗಾಲವಿಡೀ ಸಲ್ಫೇಟ್, ಅಲ್ಯೂಮಿನಿಯಂ, ಕ್ಯಾಲ್ಸಿಯಂ ಅಳೆದು, ಅಂಕಿಗಳನ್ನು ಪಂಚಾಯಿತಿ ಕಟ್ಟೆಯಂಥ ಜಾಗದಲ್ಲಿ ಬರೆದು ಹಾಕಿದರೆ ಜಗಳಕ್ಕೆ ಒಂದು ನೆಲೆ ಸಿಗುತ್ತದೆ.

ಗಣಿ ಮುಚ್ಚಿದ ಮೇಲೆ

ಗಣಿ ನಿಲ್ಲಿಸಿದರೆ ಹುಳಿ ನಿಲ್ಲುವುದಿಲ್ಲ. ತೆರೆದ ಬಿಲಗಳಲ್ಲಿ ಗಾಳಿಯಾಡುತ್ತಲೇ ಇರುತ್ತದೆ, ಮಳೆ ಬೀಳುತ್ತಲೇ ಇರುತ್ತದೆ. ಬೇರೆ ದೇಶಗಳಲ್ಲಿ ನೂರು ವರ್ಷದ ಹಿಂದೆ ಬಿಟ್ಟುಹೋದ ಗಣಿಗಳು ಇಂದಿಗೂ ಆಮ್ಲ ಒಸರುತ್ತಿವೆ. ಜೈಂತಿಯಾಕ್ಕೆ ಒಂದು ಅದೃಷ್ಟ ಎಂದರೆ ಸುಣ್ಣಕಲ್ಲು ಮನೆ ಬಾಗಿಲಲ್ಲೇ ಇದೆ. ಅದನ್ನು ಕಾಲುವೆಗೆ ಹಾಸಿ ಹುಳಿ ನೀರು ಹರಿಸುವುದು ಅಗ್ಗದ ಉಪಾಯ. ತೊಂದರೆ ಎಂದರೆ ಕೆಲವೇ ತಿಂಗಳಲ್ಲಿ ಕಲ್ಲಿನ ಮೇಲೆ ಕಬ್ಬಿಣದ ಕಿತ್ತಳೆ ಹೊರಪದರ ಕೂತು ಒಳಗಿನ ಸುಣ್ಣ ನೀರಿಗೆ ಸಿಗದಂತಾಗಬಹುದು. ಕಡಿದಾದ ಇಳಿಜಾರಿದ್ದು ನೀರು ಕಲ್ಲನ್ನು ಉಜ್ಜುತ್ತ ಹರಿದರೆ ಆ ಪದರ ಕಡಿಮೆ. ಕಾಲುವೆ ಕಟ್ಟಿದ ದಿನದ ಅಂಕಿ ತೋರಿಸಿ ಉದ್ಘಾಟನೆ ಮುಗಿಸುವವರು ಎರಡನೇ ಮಳೆಗಾಲದ ಅಂಕಿಯನ್ನೂ ತೋರಿಸಬೇಕು.

2025ರ ಮಾರ್ಚ್‌ನಲ್ಲಿ ಪೂರ್ವ ಜೈಂತಿಯಾ ಬೆಟ್ಟ ಜಿಲ್ಲೆಯಲ್ಲಿ, ಸರ್ಕಾರ ವೈಜ್ಞಾನಿಕ ಎಂದು ಕರೆಯುವ ಪರವಾನಗಿ ಪಡೆದ ಗಣಿ ಉದ್ಘಾಟನೆಯಾಯಿತು. ಇನ್ನು ಮುಂದೆ ಲೆಕ್ಕ ಕೊಡಬೇಕಾದ ಯಜಮಾನರು ಇರುತ್ತಾರೆ, ಅಷ್ಟರ ಮಟ್ಟಿಗೆ ಒಳ್ಳೆಯದೇ. ಆದರೆ ಪರಿಸರ ಅನುಮತಿಯ ಪದ್ಧತಿ ನಿಂತಿರುವುದು ಗಣಿ ತೆರೆಯುವ ಮುಂಚಿನ ನೀರಿನ ಸ್ಥಿತಿಯ ಮೇಲೆ. ಇಲ್ಲಿ ಆ ಮುಂಚಿನ ನೀರೇ ಹುಳಿ. ಹೊಸ ಗಣಿಯಿಂದ ಆಮ್ಲ ಬಂದರೆ, ಹೊಳೆ ಮೊದಲೇ ಹೀಗಿತ್ತು ಎಂದು ಕೈತೊಳೆದುಕೊಳ್ಳುವುದು ಅತಿ ಸುಲಭ.

ಅದನ್ನು ತಡೆಯುವ ಲೆಕ್ಕ ಕಷ್ಟದ್ದೇನಲ್ಲ. ಲೀಟರಿಗೆ ಎಷ್ಟು ಮಿಲಿಗ್ರಾಂ ಎಂಬುದರ ಜತೆ ಸೆಕೆಂಡಿಗೆ ಎಷ್ಟು ಲೀಟರ್ ಹರಿಯಿತು ಎಂಬುದನ್ನೂ ಅಳೆದು ಗುಣಿಸಿದರೆ ದಿನಕ್ಕೆ ಎಷ್ಟು ಕೆಜಿ ಆಮ್ಲ, ಎಷ್ಟು ಕೆಜಿ ಸಲ್ಫೇಟ್ ಎಂಬುದು ಸಿಗುತ್ತದೆ. ಗಣಿಯ ಗಡಿಗೆ ಹೊಳೆ ಒಳಬರುವಲ್ಲಿ ಎಷ್ಟು, ಹೊರಹೋಗುವಲ್ಲಿ ಎಷ್ಟು ಎಂದು ಕಳೆದರೆ ಆ ಗಣಿಯ ಪಾಲು ಬೇರೆಯಾಗುತ್ತದೆ. ಹಳೆಯ ಬಿಲಗಳ ಪಾಪ ಹೊಸಬರ ತಲೆಗೆ ಬರುವುದಿಲ್ಲ, ಹೊಸಬರದ್ದು ಹಳಬರ ಲೆಕ್ಕಕ್ಕೆ ಜಾರುವುದಿಲ್ಲ. ಇದಕ್ಕೆ ಹೊಳೆಗೆ ಅಡ್ಡಲಾಗಿ ಕೆತ್ತಿದ ಅಳತೆಗಂಡಿಯ ಸಣ್ಣ ಕಟ್ಟೆ, ಕಾಲು ಗಂಟೆಗೊಮ್ಮೆ ವಾಹಕತೆ ಮತ್ತು ಪಿಎಚ್ ದಾಖಲಿಸುವ ಪೆಟ್ಟಿಗೆ, ವಾರಕ್ಕೊಮ್ಮೆ ಬಂದು ಅದರ ತುದಿಗೆ ಅಂಟಿದ ಕಬ್ಬಿಣದ ಕೆಸರು ತೊಳೆದು ಸರಿದೂಗಿಸುವ ಒಬ್ಬ ಮನುಷ್ಯ ಬೇಕು. ಖಾರ್ಕೋರ್, ಮಿಂಟ್ರಿಯಾಂಗ್ ಕೊಪಿಲಿ ಸೇರುವ ಕಡೆಗಳಲ್ಲೂ ಇಂಥ ಪೆಟ್ಟಿಗೆಗಳನ್ನಿಟ್ಟು, ಅವುಗಳ ಅಂಕಿ ಎರಡೂ ರಾಜ್ಯಗಳ ಮಂಡಳಿಗಳಿಗೆ ಒಂದೇ ಹೊತ್ತಿಗೆ ಹೋಗುವಂತಿದ್ದರೆ, ಮುಂದಿನ ದೂರು ಹೊತ್ತುಕೊಂಡು ಹೋಗುವವರಿಗೆ ತುಕ್ಕು ಹಿಡಿದ ಕೊಳವೆಯ ತುಂಡಿನ ಬದಲು ದಿನಾಂಕ ಸಮೇತ ಒಂದು ಕೋಷ್ಟಕ ಕೈಯಲ್ಲಿರುತ್ತದೆ.